ಹದಿನೈದು ಬ್ಲಾಕಿನ ಬದುಕು

ನಾನು ಒಂದು ಮೆಮೊರಿ ಕಾರ್ಡ್. ಬೂದು ಬಣ್ಣ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಮೈ, ಒಂದು ತುದಿಯಲ್ಲಿ ಸಾಲಾಗಿ ಲೋಹದ ಹಲ್ಲುಗಳು. ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರದ ಮುಂದಿನ ಕಿಂಡಿಯಲ್ಲಿ ನನ್ನನ್ನು ಸಿಕ್ಕಿಸುತ್ತಾರೆ. ಇಂದು ಆಟವನ್ನು ಎಲ್ಲಿಗೆ ನಿಲ್ಲಿಸಿದರೋ ಅದನ್ನು ನೆನಪಿಟ್ಟುಕೊಂಡು ನಾಳೆ ಹಾಗೆಯೇ ಒಪ್ಪಿಸುವುದು ನನ್ನ ಕೆಲಸ. ಅದಕ್ಕಾಗಿ ನನ್ನೊಳಗೆ ಹದಿನೈದು ಬ್ಲಾಕುಗಳಿವೆ. ಹದಿನೈದು ಸಣ್ಣ ಕೋಣೆಗಳು ಎಂದುಕೊಳ್ಳಿ. ಅವು ತುಂಬಿದರೆ ಹೊಸದನ್ನು ಇಡಲು ಹಳೆಯದನ್ನು ಅಳಿಸಲೇಬೇಕು.

ನಾನು ಹುಟ್ಟಿದ್ದು ನಕಲಿಯಾಗಿ. ದಕ್ಷಿಣ ಚೀನಾದ ಯಾವುದೋ ಊರಿನ ತಗಡಿನ ಶೆಡ್ಡಿನಲ್ಲಿ ಒಂದು ಅಸಲಿ ಕಾರ್ಡನ್ನು ಒಡೆದು ಮೇಜಿನ ಮೇಲೆ ಹರಡಿಕೊಂಡಿದ್ದರು. ಅದರ ಕರುಳನ್ನು ನೋಡಿ ನೋಡಿ ನಮ್ಮನ್ನು ಮಾಡಿದರು. ಕರಗಿದ ಪ್ಲಾಸ್ಟಿಕ್ಕಿನ ನಾತವೇ ನನ್ನ ಮೊದಲ ನೆನಪು. ನನ್ನ ಮೈಯ ಎರಡು ಹೋಳುಗಳನ್ನು ಅಂಟಿಸಿದಾಕೆ ಉಂಡ ಕೈ ತೊಳೆದಿರಲಿಲ್ಲ. ಆ ಜಿಡ್ಡು ನನ್ನ ಕೀಲಿನೊಳಗೆ ಸೇರಿಕೊಂಡಿತು, ಇವತ್ತಿಗೂ ಹೋಗಿಲ್ಲ. ಮುಂದೆ ಹಡಗಿನಲ್ಲಿ ಮುಂಬೈಗೆ ಬಂದೆ, ಒಣಮೀನಿನ ಚೀಲಗಳ ಪಕ್ಕದಲ್ಲಿ. ಅಲ್ಲಿ ನಮ್ಮನ್ನು ತಕ್ಕಡಿಯಲ್ಲಿ ತೂಗಿ ಮಾರಿದರು. ಲೋಕದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಮೂಡಲು ಇದರಲ್ಲಿ ಯಾವ ಕಾರಣವೂ ಇರಲಿಲ್ಲ.

ಎರಡು ಸಾವಿರನೇ ಇಸವಿಯಲ್ಲಿ ಹುಬ್ಬಳ್ಳಿಗೆ ಬಂದೆ. ದುರ್ಗದಬೈಲಿನ ಓಣಿಯೊಂದರಲ್ಲಿ ತುಳಜಾಸಾ ಮೇಹರವಾಡೆ ಎಂಬವರ ಕ್ಯಾಸೆಟ್ ಅಂಗಡಿಯಿತ್ತು. ಅವರು ನನ್ನ ಬೆನ್ನಿಗೆ ‘ತುಳಜಾ ಆಡಿಯೋ’ ಎಂಬ ಕೆಂಪು ಚೀಟಿ ಅಂಟಿಸಿ ಗಾಜಿನ ಕಪಾಟಿನಲ್ಲಿಟ್ಟರು. ಬಂದವರೆಲ್ಲ ನನ್ನನ್ನು ಮುಟ್ಟಿ ನೋಡುತ್ತಿದ್ದರು. ಗಿರ್ಮಿಟ್ ತಿಂದ ಕೈ, ಮೂಗು ಒರೆಸಿದ ಕೈ, ತಂಬಾಕು ತಿಕ್ಕಿದ ಕೈ. ಯಾರೂ ಕೊಳ್ಳಲಿಲ್ಲ. ಆರು ತಿಂಗಳ ನಂತರ ತುಳಜಾಸಾ ನನ್ನನ್ನೂ ಒಂದು ಹಳೆಯ ಗೇಮ್ ಯಂತ್ರವನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಿ ತಂಗಿಯ ಮುಂದಿಟ್ಟರು.

ತಂಗಿಯ ಹೆಸರು ನಳಿನಿ. ಆಗ ಇಪ್ಪತ್ತಾರು ವರ್ಷ. ಊರಿನ ಒಂದು ದಿನಪತ್ರಿಕೆಯಲ್ಲಿ ವಾರದ ಪುರವಣಿಯ ಪ್ರೂಫ್ ತಿದ್ದುವ ಕೆಲಸ. ಬೇರೆಯವರು ಬರೆದದ್ದರಲ್ಲಿ ತಪ್ಪಿದ ಒತ್ತಕ್ಷರ, ಬಿಟ್ಟುಹೋದ ಸೊನ್ನೆ ಹುಡುಕುವುದರಲ್ಲಿ ಆಕೆಯ ಹಗಲು ಕಳೆಯುತ್ತಿತ್ತು. ನನ್ನನ್ನು ಕೈಗೆ ತೆಗೆದುಕೊಂಡ ಕೂಡಲೇ ಸೀರೆಯ ಸೆರಗಿನಿಂದ ನನ್ನ ಹಲ್ಲುಗಳನ್ನು ಒರೆಸಿದಳು. ಯಾರಾದರೂ ನನ್ನನ್ನು ಒರೆಸಿದ್ದು ಅದೇ ಮೊದಲು.

ಯಂತ್ರದ ಜೊತೆ ನಾಲ್ಕು ಡಿಸ್ಕುಗಳಿದ್ದವು. ನಾಲ್ಕೂ ಒಂದೇ ಸರಣಿಯ ಆಟಗಳು. ಹೆಸರು ತೋರಿಬಾಶಿ. ಜಪಾನಿ ಭಾಷೆಯಲ್ಲಿ ಹಕ್ಕಿಗಳ ಸೇತುವೆ ಎಂದರ್ಥವಂತೆ. ಇವು ಗುಂಡು ಹಾರಿಸುವ ಆಟಗಳಲ್ಲ. ಆಡುವವರು ಕಥೆಯೊಳಗಿನ ಒಬ್ಬ ಪಾತ್ರವಾಗಿ ಊರೂರು ಅಲೆಯಬೇಕು, ಜೊತೆಗಾರರನ್ನು ಕೂಡಿಸಿಕೊಳ್ಳಬೇಕು, ಸಾಲಾಗಿ ನಿಂತು ಕಾದಾಡಬೇಕು, ಊರಿನವರೊಡನೆ ಮಾತಾಡಬೇಕು. ಒಂದೊಂದು ಮುಗಿಯಲು ತಿಂಗಳುಗಟ್ಟಲೆ ಬೇಕು. ನಳಿನಿ ದಿನಾ ಬೆಳಗಿನ ಐದಕ್ಕೆ ಎದ್ದು ಏಳರವರೆಗೆ ಆಡುತ್ತಿದ್ದಳು, ಧ್ವನಿ ಕಡಿಮೆ ಮಾಡಿಕೊಂಡು.

ಆಟದ ಜೊತೆಗೆ ಬರವಣಿಗೆಯೂ ನಡೆದಿತ್ತು. ಆಫೀಸಿನಿಂದ ತಂದ ಹಳೆಯ ಪ್ರೂಫ್ ಹಾಳೆಗಳ ಹಿಂಬದಿಯಲ್ಲಿ ಈ ಆಟಕ್ಕೂ ಆ ಆಟಕ್ಕೂ ಏನು ವ್ಯತ್ಯಾಸ ಎಂದು ಬರೆಯುತ್ತಿದ್ದಳು. ಒಮ್ಮೆ ತುಳಜಾಸಾ ಹಲ್ಲುಜ್ಜುತ್ತ ಬಂದು ಬಾಗಿಲಲ್ಲಿ ನಿಂತು, ಪರೀಕ್ಷೆಗೆ ಕೂತ ಹಾಗೆ ಕೂತಿದ್ದೀಯಲ್ಲ, ಇದು ಆಟವೋ ಅಲ್ಲವೋ ಎಂದು ಕೇಳಿದರು.

“ಬರೀಲಿಲ್ಲಂದ್ರ ನಾ ಏನ್ ಆಡಿದೆ ಅನ್ನೂದು ನನಗ ಗೊತ್ತಾಗಂಗಿಲ್ಲಣ್ಣ,” ಎಂದಳು ನಳಿನಿ.

ಆಕೆ ಬರೆದದ್ದರ ಸಾರ ನನಗೆ ಗೊತ್ತು. ಬರೆದ ಮೇಲೆ ಮೆಲ್ಲಗೆ ಓದಿಕೊಳ್ಳುವ ಅಭ್ಯಾಸ ಆಕೆಗಿತ್ತು. ಒಂದನೆಯ ತೋರಿಬಾಶಿಯಲ್ಲಿ ಮಾತು ಕಡಿಮೆ, ನಾಯಕ ಮೂಗ, ಲೋಕ ಅಂಗೈಯಷ್ಟು. ಎರಡನೆಯದರಲ್ಲಿ ಊರುಗಳು ಹೆಚ್ಚಿದವು, ಆದರೆ ಎಲ್ಲ ಊರಿನವರೂ ಒಂದೇ ಮಾತಾಡುತ್ತಾರೆ. ಈ ಎರಡೂ ನನ್ನಲ್ಲಿ ತಲಾ ಒಂದೊಂದು ಬ್ಲಾಕ್ ಮಾತ್ರ ಕೇಳಿದವು. ಮೂರನೆಯದು ಮೂರು ಬ್ಲಾಕ್ ಕೇಳಿತು. ಕೇಳುವ ಹಕ್ಕು ಅದಕ್ಕಿತ್ತು. ಅದರಲ್ಲಿ ಸಾಯೋ ಎಂಬ ಬಿಲ್ಲುಗಾತಿ ಬರುತ್ತಾಳೆ. ಅರ್ಧ ಕಥೆಯವರೆಗೆ ಜೊತೆಯಲ್ಲಿದ್ದು ಒಂದು ಸೇತುವೆಯ ಮೇಲೆ ಸಾಯುತ್ತಾಳೆ. ಬೇರೆ ಆಟಗಳಲ್ಲಾದರೆ ಅಲ್ಲಿಗೆ ಇನ್ನೊಬ್ಬರು ಬಂದು ನಿಲ್ಲುತ್ತಾರೆ. ಈ ಆಟದಲ್ಲಿ ಕೊನೆಯವರೆಗೂ ಪ್ರತಿ ಕಾದಾಟದ ಸಾಲಿನಲ್ಲಿ ಸಾಯೋಳ ಜಾಗ ಖಾಲಿಯೇ ಉಳಿಯುತ್ತದೆ.

ಸಾಯೋ ಸತ್ತ ಮೇಲೆ ಮೂರು ಬೆಳಗು ನಳಿನಿ ಯಂತ್ರವನ್ನು ಚಾಲೂ ಮಾಡಿ ಸುಮ್ಮನೆ ಕುಳಿತಳು. ಮುಂದೆ ಆಡಿದಳು, ಮುಗಿಸಿದಳು, ತೊಂಬತ್ತೊಂದು ಗಂಟೆ. ಆದರೆ ಒಂದೇ ಕಡೆ ಉಳಿಸಲಿಲ್ಲ. ಸಾಯೋ ಸಾಯುವ ಮುಂಚಿನದು ಒಂದು, ಸತ್ತ ಮರುಗಳಿಗೆಯದು ಒಂದು, ಕೊನೆಯದು ಒಂದು, ಹೀಗೆ ಮೂರು ಕಡೆ ನನ್ನಲ್ಲಿ ಬರೆದಿಟ್ಟಳು. ಒಂಬತ್ತು ಬ್ಲಾಕ್ ಹೋಯಿತು. ಕೆಲವು ಭಾನುವಾರ ಮೊದಲನೆಯದನ್ನು ತೆರೆದು ಸೇತುವೆಯ ಈಚೆ ದಡದಲ್ಲಿ ಸಾಯೋಳನ್ನು ನಿಲ್ಲಿಸಿಕೊಂಡು ಕಾಫಿ ಕುಡಿಯುತ್ತಿದ್ದಳು. ಕಾದಾಟ ಇಲ್ಲ, ಏನಿಲ್ಲ. ನನಗೆ ಅದರಷ್ಟು ಸುಖದ ಕೆಲಸ ಬೇರೆ ಯಾವುದೂ ಇರಲಿಲ್ಲ.

ನಾಲ್ಕನೆಯ ಆಟ ಆಕೆಗೆ ಹಿಡಿಸಲಿಲ್ಲ. ಅದರಲ್ಲಿ ಯುದ್ಧವೇ ಇಲ್ಲ. ಒಮಿನೆ ಎಂಬ ನಡುವಯಸ್ಸಿನ ಹೆಂಗಸು ಜನರನ್ನು ದೋಣಿಯಲ್ಲಿ ಹೊಳೆ ದಾಟಿಸುತ್ತಾಳೆ, ಅಷ್ಟೆ. ನಳಿನಿ ಗುಂಡಿ ಒತ್ತಿ ಒತ್ತಿ ಬೇಗ ಬೇಗ ಮುಗಿಸಿದಳು. ‘ನಾಲ್ಕನೆಯದು ಆಟವಲ್ಲ, ತಾಳ್ಮೆಗೆ ವಿಧಿಸಿದ ಶಿಕ್ಷೆ’ ಎಂದು ಬರೆದಳು. ಆ ವಾಕ್ಯ ಆಕೆಗೆ ಇಷ್ಟವಾಗಿ ಎರಡು ಸಲ ಓದಿಕೊಂಡಳು. ಈ ಆಟಕ್ಕೆ ಎರಡು ಬ್ಲಾಕ್. ಒಟ್ಟು ಹದಿಮೂರು ತುಂಬಿತು.

ಇನ್ನು ಮಧುಕರ ಸವಣೂರನ ವಿಷಯ ಹೇಳಬೇಕು. ಆತ ಆ ಪುರವಣಿಯ ಹಿರಿಯ ಉಪಸಂಪಾದಕ, ನಳಿನಿಯ ಮೇಲಿನವನು. ಕಾಲೇಜು ಹುಡುಗರು ಓದುವಂಥ ಹೊಸ ಅಂಕಣ ಬೇಕೆಂದು ಆತ ಹುಡುಕುತ್ತಿದ್ದ. ನಳಿನಿ ಧೈರ್ಯ ಮಾಡಿ, ವಿಡಿಯೋ ಗೇಮ್ ಬಗ್ಗೆ ನಾನು ಬರೆಯುತ್ತೇನೆ ಎಂದಳಂತೆ. ಬರೆದ ಹಾಳೆಗಳನ್ನೆಲ್ಲ ತಂದು ತೋರಿಸು, ಚಿತ್ರ ತೆಗೆಯಬೇಕು, ಕಾರ್ಡನ್ನೂ ತಾ ಎಂದನಂತೆ. ಒಂದು ಸೋಮವಾರ ನಾನೂ ಎಂಬತ್ತು ಹಾಳೆಗಳೂ ಆತನ ಮೇಜಿನ ಖಾನೆಗೆ ಹೋದೆವು.

ಆ ಖಾನೆಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೊಟ್ಟು ಮೆತ್ತಿದ ಬಾಚಣಿಗೆ. ಕಿವಿ ಕೆರೆದು ಮತ್ತೆ ಪೊಟ್ಟಣದೊಳಗೇ ಹಾಕಿಟ್ಟ ಬೆಂಕಿಕಡ್ಡಿಗಳು. ಮುಚ್ಚಳವಿಲ್ಲದ ನೋವಿನ ಮುಲಾಮು, ಅದಕ್ಕೆ ಅಂಟಿ ಸತ್ತ ಇರುವೆಗಳು. ಅರ್ಧ ಕಚ್ಚಿದ ಚಕ್ಕುಲಿ, ಅದರ ಮೇಲೆ ಹಲ್ಲಿನ ಗುರುತು. ಜಿರಳೆಯೊಂದು ಸಂಜೆಯಾದರೆ ನನ್ನ ಮೇಲೆ ಹತ್ತಿ ಮೀಸೆ ತಿಕ್ಕಿಕೊಳ್ಳುತ್ತಿತ್ತು. ಖಾನೆ ಅಷ್ಟು ತುಂಬಿತ್ತೆಂದರೆ ಪೂರ್ತಿ ಮುಚ್ಚುತ್ತಿರಲಿಲ್ಲ. ಆ ಸಂದಿಯಿಂದಲೇ ನಾನು ಮುಂದಿನದನ್ನೆಲ್ಲ ಕಂಡದ್ದು.

ನಾಲ್ಕು ವಾರದ ನಂತರ ಪುರವಣಿಯ ಪುಟವೊಂದು ಪ್ರೂಫಿಗಾಗಿ ನಳಿನಿಯ ಮೇಜಿಗೆ ಬಂತು. ‘ತೋರಿಬಾಶಿ: ಮೂರು ಮೇಲೋ, ನಾಲ್ಕು ಮೇಲೋ?’ ಎಂದು ತಲೆಬರಹ. ಕೆಳಗೆ ಸಾಯೋ, ಖಾಲಿ ಜಾಗ, ತಾಳ್ಮೆಯ ಶಿಕ್ಷೆ, ಎಲ್ಲವೂ ಆಕೆಯ ಮಾತುಗಳೇ. ಮೇಲೆ ಹೆಸರು ಮಾತ್ರ ಮಧುಕರ ಸವಣೂರ.

ಆಕೆ ಕೂಗಾಡಲಿಲ್ಲ. ಕೆಂಪು ಪೆನ್ನು ತೆಗೆದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಂದಿನ ಹಾಗೆ ತಿದ್ದಿದಳು. ಏಳು ಅಕ್ಷರದೋಷ ಸಿಕ್ಕವು. ಎಂಟನೆಯದಾಗಿ ಲೇಖಕನ ಹೆಸರನ್ನು ಹೊಡೆದು, ಅಂಚಿನಲ್ಲಿ ‘ನಳಿನಿ ಮೇಹರವಾಡೆ’ ಎಂದು ಬರೆದು, ಸಹಿ ಹಾಕಿ ಪುಟ ಕಟ್ಟುವ ಈರಪ್ಪನಿಗೆ ಕಳಿಸಿದಳು. ಪ್ರೂಫಿನವರು ತಿದ್ದಿದ್ದನ್ನು ಪ್ರಶ್ನಿಸುವ ರೂಢಿ ಈರಪ್ಪನಿಗಿರಲಿಲ್ಲ. ಎಂಟನ್ನೂ ತಿದ್ದಿದ. ಪುಟ ಅಚ್ಚಿಗೆ ಹೋಗಲು ಅರ್ಧ ಗಂಟೆ ಇರುವಾಗ ಮಧುಕರ ಅದನ್ನು ನೋಡಿಬಿಟ್ಟ.

ಆತ ಸಿಟ್ಟು ಮಾಡಲಿಲ್ಲ. ನಕ್ಕ. ಅದೇ ನನಗೆ ಹೆಚ್ಚು ಅಸಹ್ಯವಾದದ್ದು. ನಳಿನಿಯ ಮೇಜಿನ ಮೇಲೆ ಒಂದು ತೊಡೆ ಊರಿ ಕೂತು, ಅಡಿಕೆ ಜಗಿಯುತ್ತ ಮಾತಾಡಿದ.

“ನೋಡ್ರಿ ನಳಿನಿ, ಹೆಣ್ಮಕ್ಕಳು ಗೇಮ್ ಬಗ್ಗೆ ಬರದ್ರ ಯಾವ ಹುಡುಗ ಓದ್ತಾನ? ನನ್ನ ಹೆಸರಿದ್ರ ಓದ್ತಾರ. ನಿಮ್ಮ ವಿಚಾರನ ಊರಿಗೆಲ್ಲ ಮುಟ್ಟಸಾಕತ್ತೇನಿ. ನೀವು ಖುಷಿ ಪಡಬೇಕು.”

“ನೀವು ಮೂರನೇದು ಆಡೀರೇನ್ರಿ, ಸರ?” ಎಂದು ಕೇಳಿದಳು ನಳಿನಿ.

“ಆಡೂದೇನೈತ್ರಿ ಅದ್ರಾಗ. ನೀವು ಆಡೀರಲ್ಲ.”

ಅಡಿಕೆಯ ಚೂರೊಂದು ಆತನ ಬಾಯಿಂದ ಸಿಡಿದು ಪ್ರೂಫ್ ಹಾಳೆಯ ಮೇಲೆ ಬಿತ್ತು. ಆಕೆ ಅದನ್ನು ಪೆನ್ನಿನ ತುದಿಯಿಂದ ಸರಿಸಿದಳು. ನನ್ನ ಕಾರ್ಡ್ ಕೊಡಿ ಎಂದಳು. ಎಲ್ಲಿಟ್ಟಿದ್ದೇನೋ ಕಾಣುತ್ತಿಲ್ಲ ಎಂದ. ನಾನು ಆತನ ತೊಡೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಮುಲಾಮಿನ ಡಬ್ಬಿಯ ಪಕ್ಕದಲ್ಲಿದ್ದೆ. ಕೂಗಲು ನನಗೆ ಬಾಯಿಲ್ಲ.

ಲೇಖನ ಆತನ ಹೆಸರಿನಲ್ಲೇ ಬಂತು. ಮರುವಾರ ನಳಿನಿಯನ್ನು ಪುರವಣಿಯಿಂದ ತೆಗೆದು, ಅಂಕಪಟ್ಟಿ ಕಳೆದಿದೆ, ಹೆಸರು ಬದಲಾಗಿದೆ ಎಂಬಂಥ ಸಣ್ಣ ಜಾಹೀರಾತುಗಳ ಪ್ರೂಫಿಗೆ ಹಾಕಿದರು. ಆ ವಿಭಾಗ ಕೆಳಗಿನ ಮಹಡಿಯಲ್ಲಿತ್ತು. ಆಮೇಲೆ ಬಹಳ ಕಾಲ ನಾನು ಆಕೆಯನ್ನು ಕಾಣಲಿಲ್ಲ.

ನೀನೇ ನಕಲಿ, ನಕಲು ಮಾಡಿದವನನ್ನು ದೂರುವ ಅಧಿಕಾರ ನಿನಗೆಲ್ಲಿದೆ ಎಂದು ನೀವು ಕೇಳಬಹುದು. ನಿಜ. ಆದರೆ ನಾನು ಅಸಲಿ ಕಾರ್ಡಿನ ಹೆಸರು ಹೇಳಿಕೊಂಡು ಸುಮ್ಮನೆ ಕೂರಲಿಲ್ಲ. ಅದು ಮಾಡುವ ಕೆಲಸವನ್ನು ಮಾಡಿದೆ.

ಅಂಕಣಕ್ಕೆ ಹೆಸರು ಬಂತು. ಸರಣಿಯ ಐದನೆಯ ಆಟ ಬಂದಾಗ ಅದರ ಬಗ್ಗೆಯೂ ಬರೆಯಿರಿ ಎಂದು ಓದುಗರು ಪತ್ರ ಹಾಕಿದರು. ಈಗ ಕದಿಯಲು ಹಾಳೆಗಳಿರಲಿಲ್ಲ. ಮಧುಕರ ಒಂದು ಯಂತ್ರ ಕೊಂಡು, ನನ್ನನ್ನು ಮನೆಗೆ ಒಯ್ದ. ನನ್ನನ್ನು ಸಿಕ್ಕಿಸುವ ಮುನ್ನ ಹಲ್ಲುಗಳ ಮೇಲೆ ಬಾಯಿಂದ ಊದಿದ. ಅಡಿಕೆ, ತಂಬಾಕು, ಬೆಳಗಿನ ಉಪ್ಪಿಟ್ಟು. ಆ ತೇವ ನನ್ನೊಳಗೆ ಇಳಿಯಿತು.

ಐದನೆಯ ತೋರಿಬಾಶಿಗಿಂತ ಹೊಟ್ಟೆಬಾಕ ಆಟವನ್ನು ನಾನು ಕಂಡಿಲ್ಲ. ಒಮ್ಮೆಗೇ ಎಂಟು ಬ್ಲಾಕ್ ಕೇಳಿತು. ಮೊದಲ ಹತ್ತು ನಿಮಿಷ ಬರೀ ಸಿನಿಮಾ. ಆಮೇಲೆ ಅರ್ಧ ಬಟ್ಟೆ ತೊಟ್ಟ ಹುಡುಗಿಯರು ಬಂದು, ನೀನೇ ವೀರ, ನೀನೇ ಲೋಕರಕ್ಷಕ ಎಂದು ಆಡುವವನನ್ನು ಹೊಗಳುತ್ತಾರೆ. ಗುಂಡಿ ಒತ್ತಿದರೂ ಗೆಲುವು, ಒತ್ತದಿದ್ದರೂ ಗೆಲುವು. ಮಧುಕರನಿಗೆ ಇದು ಬಹಳ ಹಿಡಿಸಿತು.

ಉಳಿಸುವ ಹೊತ್ತು ಬಂತು. ನನ್ನಲ್ಲಿ ಎರಡೇ ಬ್ಲಾಕ್ ಖಾಲಿಯಿದ್ದವು. ಯಾವುದನ್ನು ಅಳಿಸಲಿ ಎಂದು ಪರದೆ ಕೇಳಿತು. ಮೂರನೆಯ ಆಟದ ಮೂರು ಉಳಿಕೆಗಳು ಸಾಲಾಗಿ ಕಂಡವು. ಆತನ ಹೆಂಡತಿ ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದಳು. ಇದು ಯಾರದು ಎಂದು ಕೇಳಿದಳು.

“ಯಾರದೋ ಹಳೇ ಕಸ,” ಎಂದು ಒಂದೊಂದಾಗಿ ಅಳಿಸಿದ.

ಸೇತುವೆಯ ಈಚೆ ದಡದಲ್ಲಿ ನಿಂತಿದ್ದ ಸಾಯೋ ಹೋದಳು. ಸೇತುವೆ ಹೋಯಿತು. ತೊಂಬತ್ತೊಂದು ಗಂಟೆ ಹೋಯಿತು. ಅಳಿಸುವಾಗ ನನಗೆ ನೋವಾಗುವುದಿಲ್ಲ, ಜನ ತಿಳಿದಂತೆ ಅಲ್ಲಿ ಶೂನ್ಯವೂ ಉಳಿಯುವುದಿಲ್ಲ. ಹೊಸದು ಬಂದು ಕೂರುತ್ತದೆ. ಆ ಜಾಗಕ್ಕೆ ಐದನೆಯ ಆಟದ ಎಂಟು ಬ್ಲಾಕ್ ಕೊಬ್ಬು ಬಂದು ಕೂತಿತು. ನನ್ನ ಮೈಯೇ ನನಗೆ ಹೇಸಿಗೆಯಾಯಿತು.

ಮಧುಕರ ಆ ಆಟವನ್ನು ಆಡಿದ್ದು ಒಂದು ಗಂಟೆ ನಲವತ್ತು ನಿಮಿಷ. ಎರಡನೆಯ ಊರಿನ ಬಾವಿಯ ಹತ್ತಿರ ದಾರಿ ತಿಳಿಯದೆ ನಿಲ್ಲಿಸಿದ. ಮತ್ತೆ ಮುಟ್ಟಲಿಲ್ಲ. ಮುಂದಿನ ವಾರ ‘ಐದನೆಯದು ಭವ್ಯ, ಆದರೆ ಮೂರನೆಯದರ ಆತ್ಮ ಇದರಲ್ಲಿಲ್ಲ’ ಎಂದು ಬರೆದ. ಓದುಗರು ತಲೆದೂಗಿದರು.

ವರ್ಷಗಳು ಹೋದವು. ಆತ ಪತ್ರಿಕೆ ಬಿಟ್ಟು, ಕೂದಲಿಗೆ ಬಣ್ಣ ಹಚ್ಚಿ, ಮೊಬೈಲ್ ಮುಂದೆ ಕೂತು ವಿಡಿಯೋ ಮಾಡತೊಡಗಿದ. ‘ಸವಣೂರ ಸರ್’ ಎಂದು ಹುಡುಗರು ಕರೆದರು. ಯಾವ ಆಟ ಮೇಲು, ಯಾವುದು ಕೀಳು ಎಂದು ಹೇಳುವುದೇ ವಿಡಿಯೋದ ವಿಷಯ. ಅಂಕಣದ ದಿನಗಳೂ ಸೇರಿ ಇಪ್ಪತ್ತು ವರ್ಷ ಅದನ್ನೇ ಹೇಳಿದ. ಮೂರನೆಯದು ಶ್ರೇಷ್ಠ, ನಾಲ್ಕನೆಯದು ತಾಳ್ಮೆಗೆ ವಿಧಿಸಿದ ಶಿಕ್ಷೆ. ಆ ಸಾಲು ಬಂದಾಗಲೆಲ್ಲ ಒಂದು ಕಣ್ಣು ಮಿಟುಕಿಸುತ್ತಿದ್ದ. ನನ್ನನ್ನು ಕ್ಯಾಮೆರಾಕ್ಕೆ ಹಿಡಿದು, ಮೂರನೆಯದನ್ನು ತೊಂಬತ್ತೊಂದು ಗಂಟೆ ಆಡಿ ಮುಗಿಸಿದಾಗ ಜೊತೆಗಿದ್ದ ನನ್ನ ಹಳೆಯ ಗೆಳೆಯ ಇದು ಎಂದು ಮುತ್ತು ಕೊಡುತ್ತಿದ್ದ. ಪ್ರತಿ ವಿಡಿಯೋದಲ್ಲಿ ಒಂದು ಒದ್ದೆ ಮುತ್ತು. ಒರೆಸುವವರಿಲ್ಲ.

ಎರಡು ಸಾವಿರದ ಇಪ್ಪತ್ತೆರಡರಲ್ಲಿ ಹುಬ್ಬಳ್ಳಿಯ ಒಂದು ಸಭಾಭವನದಲ್ಲಿ ಹಳೆಯ ವಿಡಿಯೋ ಗೇಮ್ ಪ್ರಿಯರು ಸೇರಿದರು. ಮಧುಕರ ಮುಖ್ಯ ಅತಿಥಿ. ನನ್ನನ್ನು ಗಾಜಿನ ಡಬ್ಬಿಯಲ್ಲಿಟ್ಟು ವೇದಿಕೆಯ ಮೇಲೆ ಇಟ್ಟಿದ್ದರು. ಭಾಷಣ ಮುಗಿದ ಮೇಲೆ ಗದಗದಿಂದ ಬಂದ ಫರ್ಹಾನಾ ಎಂಬ ಲ್ಯಾಬ್ ಟೆಕ್ನಿಷಿಯನ್ ಎದ್ದು ನಿಂತಳು. ಹಳೆಯ ಆಟಗಳ ಬಗ್ಗೆ ಆಕೆ ಒಂದು ವೆಬ್‌ಸೈಟ್ ನಡೆಸುತ್ತಿದ್ದಳು. ಮೂರನೆಯ ಆಟದಲ್ಲಿ ಕೊನೆಯ ಕಾದಾಟಕ್ಕೆ ಮುಂಚೆ ಸಾಯೋಳ ಬಿಲ್ಲನ್ನು ನೀವು ಯಾರಿಗೆ ಕೊಟ್ಟಿರಿ ಎಂದು ಕೇಳಿದಳು. ಮಧುಕರ ನೀರು ಕುಡಿದ. ಅದು ಅವರವರ ಭಾವಕ್ಕೆ ಬಿಟ್ಟದ್ದು ಎಂದ. ಚಪ್ಪಾಳೆ ಬಿತ್ತು. ಫರ್ಹಾನಾ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಕೂತಳು.

ಆಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ವೇದಿಕೆಗೆ ಬಂದಳು. ಕನ್ನಡಕ, ಅರ್ಧ ನೆರೆತ ಕೂದಲು, ಹತ್ತಿ ಸೀರೆ. ಗಾಜಿನ ಡಬ್ಬಿಯ ಮೇಲೆ ಬಾಗಿದಾಗ ನನಗೆ ಗುರುತು ಸಿಕ್ಕಿತು. ನಳಿನಿ. ನಲವತ್ತೆಂಟು ವರ್ಷ. ವಿಡಿಯೋದಲ್ಲಿ ನನ್ನ ಬೆನ್ನಿನ ಕೆಂಪು ಚೀಟಿಯ ಹರಕು ಕಂಡು ಬಂದಿದ್ದಳು.

“ಈ ಕಾರ್ಡ್ ನಂದು. ವಾಪಸ್ ಕೊಡ್ರಿ,” ಎಂದಳು.

ಮಧುಕರ ಆಕೆಯ ಮುಖ ನೋಡಿದ. ಗುರುತು ಹಿಡಿಯಲಿಲ್ಲ. ನಟನೆಯಾಗಿದ್ದರೆ ನನಗೆ ಅಷ್ಟು ವಾಕರಿಕೆ ಬರುತ್ತಿರಲಿಲ್ಲ. ಆತನಿಗೆ ನಿಜಕ್ಕೂ ನೆನಪಿರಲಿಲ್ಲ. ಯಾರೋ ಅಭಿಮಾನಿ ಎಂದುಕೊಂಡ. ಎದುರಿಗೆ ಇನ್ನೂರು ಜನ.

“ತಗೋರಿ ಮೇಡಂ. ನಿಮ್ಮಂಥವ್ರ ಪ್ರೀತಿಗಿಂತ ಇದು ದೊಡ್ಡದೇನ್ರಿ?” ಎಂದು ಡಬ್ಬಿ ತೆರೆದು ನನ್ನನ್ನು ಆಕೆಯ ಅಂಗೈಯಲ್ಲಿಟ್ಟ. ಆಕೆಯ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದ. ನಳಿನಿ ಆ ಕೈಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು ಇಳಿದುಹೋದಳು. ‘ಹಿರಿಯ ಅಭಿಮಾನಿಗೆ ನನ್ನ ಜೀವದ ಕಾಣಿಕೆ’ ಎಂದು ಆತ ಸಂಜೆ ಫೋಟೋ ಹಾಕಿದನೆಂದು ಆಮೇಲೆ ಫರ್ಹಾನಾ ಹೇಳಿದಳು. ಆಕೆ ನಳಿನಿಯ ಹಿಂದೆಯೇ ಹೊರಗೆ ಬಂದು, ಆ ಬಿಲ್ಲನ್ನು ನೀವು ಯಾರಿಗೆ ಕೊಟ್ಟಿರಿ ಎಂದು ಕೇಳಿದ್ದಳು. ಯಾರಿಗೂ ಕೊಡಲಿಲ್ಲ, ಸೇತುವೆಯ ಮೇಲೇ ಬಿಟ್ಟೆ ಎಂದಳು ನಳಿನಿ. ಅಲ್ಲಿಂದ ಇಬ್ಬರಿಗೂ ಸ್ನೇಹವಾಯಿತು.

ನಳಿನಿ ಈಗ ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿದ್ದಳು. ಪತ್ರಿಕೆಯ ಕೆಲಸ ಬಿಟ್ಟು ಶಾಲೆಯ ಗೈಡುಗಳ ಪ್ರೂಫ್ ತಿದ್ದುತ್ತಿದ್ದಳು. ಹಳೆಯ ಯಂತ್ರವನ್ನು ತುಳಜಾಸಾ ಅಟ್ಟದಿಂದ ಇಳಿಸಿ ಕೊಟ್ಟರು. ಆಕೆ ನನ್ನನ್ನು ಸ್ಪಿರಿಟ್ ಹಾಕಿ ಹತ್ತಿಯಿಂದ ಉಜ್ಜಿ ಸಿಕ್ಕಿಸಿದಳು. ಪರದೆಯ ಮೇಲೆ ಮೂರನೆಯ ಆಟ ಇರಲಿಲ್ಲ. ಪಟ್ಟಿಯನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡಿದಳು. ಆಮೇಲೆ ಆತನ ಒಂದು ಗಂಟೆ ನಲವತ್ತು ನಿಮಿಷದ ಮೇಲೆ ಕಣ್ಣು ಬಿತ್ತು. ಮೂಗಿಗೆ ಸೆರಗು ಹಿಡಿದುಕೊಂಡಳು, ಕೊಳೆತದ್ದರ ವಾಸನೆ ಬಡಿದ ಹಾಗೆ. ಅದನ್ನು ಅಳಿಸಿದಳು. ಅದರೊಡನೆ ಉಳಿದದ್ದನ್ನೂ ಅಳಿಸಿ, ಒಂದನೆಯ ಆಟದಿಂದ ಶುರುಮಾಡಿದಳು.

ಹದಿನಾಲ್ಕು ತಿಂಗಳು ಹಿಡಿಯಿತು. ಮೂರನೆಯದರಲ್ಲಿ ಸಾಯೋ ಸತ್ತಾಗ ಅತ್ತಳು. ಆದರೆ ಈ ಸಲ ಒಂದೇ ಕಡೆ ಉಳಿಸಿದಳು. ಸಾಯೋಳನ್ನು ಈಚೆ ದಡದಲ್ಲಿ ಹಿಡಿದಿಡಲಿಲ್ಲ.

ನಾಲ್ಕನೆಯದಕ್ಕೆ ಬಂದಾಗ ಆಕೆಯ ಕೈಬೆರಳಿಗೆ ನೋವು ಶುರುವಾಗಿತ್ತು. ಗುಂಡಿಯನ್ನು ಬೇಗ ಬೇಗ ಒತ್ತಲು ಆಗುತ್ತಿರಲಿಲ್ಲ. ದೋಣಿ ನಡು ಹೊಳೆಯಲ್ಲಿದ್ದಾಗ ಸುಮ್ಮನೆ ಬಿಟ್ಟಳು. ಆಗ ದೋಣಿಯಲ್ಲಿ ಕೂತಿದ್ದ ಮುದುಕ ಮಾತಾಡಿದ. ತನ್ನ ಊರು, ತನ್ನ ಮಗಳು, ತಾನು ಹೊಳೆ ದಾಟುತ್ತಿರುವ ಕಾರಣ. ಮರುದಿನ ಒಬ್ಬ ಬಸುರಿ ಮಾತಾಡಿದಳು. ಆ ಆಟದಲ್ಲಿ ಅವಸರ ಮಾಡಿದರೆ ಯಾರೂ ಬಾಯಿ ಬಿಡುವುದಿಲ್ಲ. ಕಾದರೆ ಎಲ್ಲರೂ ಹೇಳಿಕೊಳ್ಳುತ್ತಾರೆ. ಕಥೆಯೆಲ್ಲ ಅಲ್ಲಿಯೇ ಇತ್ತು. ಇಪ್ಪತ್ತಾರರ ನಳಿನಿ ಅದರ ಮುಕ್ಕಾಲನ್ನು ಗುಂಡಿ ಒತ್ತಿ ಹಾರಿಸಿಬಿಟ್ಟಿದ್ದಳು.

ಆ ಬೆಳಗು ಆಕೆ ಆಟ ನಿಲ್ಲಿಸಿ, ಕೈ ತೊಳೆದು ಬಂದಳು. ಮತ್ತೆ ತೊಳೆದು ಬಂದಳು. ಫರ್ಹಾನಾಗೆ ಫೋನ್ ಮಾಡಿದಳು.

“ಫರ್ಹಾನಾ, ನಾನೂ ನಾಲ್ಕನೇದು ಆಡಿದ್ದಿಲ್ಲವ್ವಾ. ಆಡದ ಬರದಿದ್ದೆ. ಆತಗೂ ನನಗೂ ಏನ್ ಫರಕ್ ಉಳೀತು? ನನ್ನ ಬಗ್ಗೆ ನನಗ ಹೇಸಿಗಿ ಬರಾಕತ್ತೈತಿ.”

ಫರ್ಹಾನಾ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಆದರೆ ನಳಿನಿ ಒಮಿನೆಯ ದೋಣಿಯಲ್ಲಿ ನೂರಾ ಹನ್ನೆರಡು ಗಂಟೆ ಕಳೆದಳು. ಎಲ್ಲರನ್ನೂ ದಾಟಿಸಿದಳು, ಎಲ್ಲರನ್ನೂ ಕೇಳಿದಳು. ನಂತರ ಹೊಸದಾಗಿ ಬರೆದಳು. ನಾಲ್ಕನೆಯದೇ ಸರಣಿಯ ದೊಡ್ಡ ಆಟ, ಮೂರನೆಯದು ಸಾವನ್ನು ತೋರಿಸುತ್ತದೆ, ನಾಲ್ಕನೆಯದು ಸಾವಿಗೆ ಮುಂಚಿನ ಮಾತನ್ನು ಕೇಳಿಸುತ್ತದೆ ಎಂದು ಬರೆದಳು. ‘ಯೌವನದಲ್ಲಿ ಅವಸರಪಟ್ಟು ಈ ಆಟಕ್ಕೆ ಅನ್ಯಾಯ ಮಾಡಿದೆ, ನನ್ನ ಹಳೆಯ ತೀರ್ಪು ತಪ್ಪು’ ಎಂದೂ ಬರೆದಳು. ಫರ್ಹಾನಾ ಅದನ್ನು ತನ್ನ ವೆಬ್‌ಸೈಟಿನಲ್ಲಿ ನಳಿನಿ ಮೇಹರವಾಡೆ ಎಂಬ ಹೆಸರಿನೊಂದಿಗೆ ಹಾಕಿದಳು. ಹೆಸರಿನ ಅಕ್ಷರಗಳನ್ನು ನಳಿನಿ ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದಳು. ತಪ್ಪಿರಲಿಲ್ಲ.

ಮೂರು ವಾರದ ನಂತರ ಒಂದು ಭಾನುವಾರ ಫರ್ಹಾನಾ ಗದಗದಿಂದ ರೈಲು ಹತ್ತಿ ಬಂದಳು. ಕೂರಲೂ ಇಲ್ಲ, ಮೊಬೈಲ್ ಮುಂದೆ ಹಿಡಿದಳು. ಪರದೆಯಲ್ಲಿ ಸವಣೂರ ಸರ್. ಬಣ್ಣ ಹಚ್ಚಿದ ಕೂದಲು, ದನಿಯಲ್ಲಿ ಗದ್ಗದ. ಸ್ನೇಹಿತರೇ, ನಾಲ್ಕನೆಯದೇ ದೊಡ್ಡ ಆಟ, ಯೌವನದಲ್ಲಿ ಅವಸರಪಟ್ಟು ನಾನು ಅದಕ್ಕೆ ಅನ್ಯಾಯ ಮಾಡಿದೆ, ನನ್ನ ತೀರ್ಪು ತಪ್ಪು ಎಂದು ಹೇಳುತ್ತಿದ್ದ. ಕಣ್ಣು ಒರೆಸಿಕೊಂಡ. ಒರೆಸಿಕೊಂಡ ಅದೇ ಕರವಸ್ತ್ರದಲ್ಲಿ ಬಾಯಿಯನ್ನೂ ಒರೆಸಿಕೊಂಡ. ಸರ್ ಎಷ್ಟು ದೊಡ್ಡ ಮನಸ್ಸು ನಿಮ್ಮದು ಎಂದು ಕೆಳಗೆ ಸಾವಿರಾರು ಜನ ಬರೆದಿದ್ದರು.

ಬುದ್ಧಿ ಕದಿಯುವವರನ್ನು ಕಂಡಿದ್ದೆ. ಪಶ್ಚಾತ್ತಾಪವನ್ನು ಕದ್ದದ್ದು ನೋಡಿದ್ದು ಅದೇ ಮೊದಲು. ನನ್ನ ಲೋಹದ ಹಲ್ಲುಗಳೂ ಹುಳಿಯಾದವು.

ಫರ್ಹಾನಾ ಕೆಂಡವಾಗಿದ್ದಳು. ಎರಡನ್ನೂ ತಾರೀಖಿನ ಸಮೇತ ಪಕ್ಕಪಕ್ಕದಲ್ಲಿ ಹಾಕುತ್ತೇನೆ ಎಂದಳು. ನಳಿನಿ ಹಾಕು ಎಂದಳು. ಆಕೆ ಹಾಕಿದಳು ಕೂಡ. ಕೆಲವರು ಓದಿದರು, ಛೀ ಎಂದರು. ಹೆಚ್ಚಿನವರು ವಿಡಿಯೋವನ್ನೇ ನೋಡಿದರು. ಲೋಕ ಅಷ್ಟರಲ್ಲೇ ಇದೆ. ಆದರೆ ಆ ಭಾನುವಾರ ನಳಿನಿ ಸಿಟ್ಟಾಗುವ ಬದಲು ಕನ್ನಡಕ ತೆಗೆದು ಬಹಳ ಹೊತ್ತು ನಕ್ಕಳು.

“ತಪ್ಪನ್ನೂ ಬಿಡಲಿಲ್ಲ ನೋಡವಾ ಆತ,” ಎಂದಳು. ಕಣ್ಣೊರೆಸಿಕೊಂಡು, ನಗು ನಿಂತ ಮೇಲೆ ಮತ್ತೆ ಹೇಳಿದಳು. “ಇರ್ಲಿ. ಆ ದೋಣಿಯಾಗ ಮಾತ್ರ ಆತ ಎಂದೂ ಕೂಡಂಗಿಲ್ಲ.”

ನಾನು ಈಗ ಮುದುಕ. ಹದಿನೈದು ಬ್ಲಾಕಿನಲ್ಲಿ ಎರಡು ಸತ್ತಿವೆ. ಏನು ಬರೆದರೂ ನಿಲ್ಲುವುದಿಲ್ಲ. ತುಳಜಾಸಾ ಹೊಸ ಕಾರ್ಡ್ ತರಿಸಿಕೊಡುತ್ತೇನೆ ಎಂದರು. ಇದು ನಡೆಯುವವರೆಗೆ ನಡೆಯಲಿ ಎಂದಳು ನಳಿನಿ. ಮೇಲಿನ ಕೋಣೆಯ ಕಿಟಕಿಯ ಪಕ್ಕ ನನ್ನ ಜಾಗ. ಒಣ ಬಟ್ಟೆ ಹೊದಿಸಿರುತ್ತಾಳೆ. ಇರುವೆಗಳಿಲ್ಲ.

ಕಳೆದ ತಿಂಗಳು ಆಕೆ ಐದನೆಯ ಆಟದ ಡಿಸ್ಕ್ ತರಿಸಿಕೊಂಡಳು. ಆ ಹೊಟ್ಟೆಬಾಕ ಮತ್ತೆ ಎಂಟು ಬ್ಲಾಕ್ ಕೇಳಿತು. ಸತ್ತವೆರಡನ್ನು ಬಿಟ್ಟರೆ ನನ್ನಲ್ಲಿ ಖಾಲಿಯಿದ್ದದ್ದು ಆರು. ಯಾವುದನ್ನು ಅಳಿಸಲಿ ಎಂದು ಪರದೆ ಕೇಳಿತು. ನಳಿನಿ ನಾಲ್ಕನೆಯ ಆಟದ ಮೇಲೆ ಬೆರಳಿಟ್ಟಳು. ನೂರಾ ಹನ್ನೆರಡು ಗಂಟೆ. ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ ಫರ್ಹಾನಾ, ಬೇಡ ಅಕ್ಕ, ಅದನ್ನು ಇಟ್ಟುಕೊಳ್ಳಿ ಎಂದು ಬೇಡಿಕೊಂಡಳು. ಅದು ನನಗೆ ಬಾಯಿಪಾಠವಾಗಿದೆ, ಇದನ್ನು ನಾನು ಇನ್ನೂ ಆಡಿಲ್ಲ ಎಂದಳು ನಳಿನಿ. ಅಳಿಸಿದಳು.

ನೆನಪಿಡುವುದೇ ನನ್ನ ಕೆಲಸ ಎಂದುಕೊಂಡು ಬದುಕಿದವನು ನಾನು. ಮಧುಕರನ ಕೈಯಲ್ಲಿ ಅಳಿದದ್ದೂ ಆಕೆಯ ಕೈಯಲ್ಲಿ ಅಳಿದದ್ದೂ ಒಂದೇ ರೀತಿ ಅಳಿಯುತ್ತದೆ. ನನಗೆ ಅದರಲ್ಲಿ ಭೇದ ತಿಳಿಯುವುದಿಲ್ಲ. ಆಡಿದವರಿಗೆ ತಿಳಿಯುತ್ತದೆ. ಮಧುಕರನನ್ನು ನಾನು ಕ್ಷಮಿಸಿಲ್ಲ. ಐದನೆಯ ಆಟವನ್ನೂ ಕ್ಷಮಿಸಿಲ್ಲ. ಇವತ್ತಿಗೂ ಅದು ನನ್ನೊಳಗೆ ಇಳಿಯುವಾಗ ಓಕರಿಕೆ ಬರುತ್ತದೆ. ಆ ಹುಡುಗಿಯರು ಇವತ್ತಿಗೂ, ನೀನೇ ಲೋಕರಕ್ಷಕ ಎಂದು ನಳಿನಿಗೆ ಹೇಳುತ್ತಾರೆ. ಆಕೆ ಮುಖ ಕಿವುಚುತ್ತಾಳೆ, ಆದರೂ ಪೂರ್ತಿ ಕೇಳುತ್ತಾಳೆ. ಒಂದು ಗುಂಡಿಯನ್ನೂ ಬೇಗ ಒತ್ತುವುದಿಲ್ಲ.

ಇಂದು ಬೆಳಿಗ್ಗೆ ಏಳಕ್ಕೆ ಆಟ ನಿಲ್ಲಿಸಿದಳು. ಈವರೆಗೆ ಆಡಿದ್ದು ಒಂಬತ್ತು ಗಂಟೆ ಹದಿಮೂರು ನಿಮಿಷ ಎಂದು ನನ್ನಲ್ಲಿ ಬರೆದುಕೊಂಡೆ. ಎರಡನೆಯ ಊರಿನ ಬಾವಿ ದಾಟಿ ಬಹಳ ದೂರ ಬಂದಿದ್ದಾಳೆ. ಪಕ್ಕದಲ್ಲಿ ಬಿಳಿ ಹಾಳೆಗಳಿವೆ, ಪೆನ್ನಿದೆ. ಆಕೆ ಇನ್ನೂ ಏನೂ ಬರೆದಿಲ್ಲ.